ಬಿಡಬಾರದೆಂಬ ವ್ರತ

ಕುಡಿತ ಬಿಟ್ಟವರನ್ನು ಒಟ್ಟಿಗೆ ಕೂರಿಸಿ ಕಾಪಾಡುವ ವಿದ್ಯೆ ಕರಾವಳಿಗೆ ಗೊತ್ತು. ಮನೋರೋಗದೊಂದಿಗೆ ಬದುಕುವವರಿಗೂ ಅದೇ ಚಾವಡಿ ಬೇಕು ಎನ್ನುತ್ತಾರೆ ಕಾಪುವಿನ ಒಬ್ಬ ಪಿಗ್ಮಿ ಸಂಗ್ರಾಹಕರು.

ನಾನು ಕಾಪು ಪೇಟೆಯಲ್ಲಿ ಪಿಗ್ಮಿ ಸಂಗ್ರಹಿಸುವವ. ನನಗೆ ಬೈಪೋಲಾರ್ ಕಾಯಿಲೆ ಉಂಟು. ಮೊದಲನೆಯ ಸಂಗತಿಯನ್ನು ಜನ ನನ್ನನ್ನು ನಿಲ್ಲಿಸಿ ಮಾತಾಡಿಸುವಾಗ ಹೇಳುತ್ತಾರೆ, ಎರಡನೆಯದನ್ನು ನಾನು ದಾಟಿ ಹೋದ ಮೇಲೆ.

ಪಿಗ್ಮಿ ಹುಟ್ಟಿದ್ದು ಇದೇ ಉಡುಪಿಯಲ್ಲಿ, 1928ರಲ್ಲಿ. ದಿನಕ್ಕೆ ಎರಡಾಣೆ ಉಳಿಸುವ ಬಡವರ ಮನೆ ಬಾಗಿಲಿಗೇ ಬ್ಯಾಂಕು ಹೋಗಬೇಕು ಎಂದು ಆ ಯೋಜನೆ ಕಟ್ಟಿದವರಲ್ಲಿ ಒಬ್ಬರು ಡಾ. ಟಿ.ಎಂ.ಎ. ಪೈ. ಅವರ ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದವರೂ ಅವರೇ. ನನ್ನ ಅನ್ನಕ್ಕೂ ನನ್ನ ಮದ್ದಿಗೂ ಮೂಲಪುರುಷ ಒಬ್ಬರೇ ಎಂದು ನಾನು ತಮಾಷೆ ಮಾಡುವುದುಂಟು. ನಾನು ಕೆಲಸ ಮಾಡುವುದು ಒಂದು ಸಣ್ಣ ಸಹಕಾರಿ ಸಂಘಕ್ಕೆ. ಕೆಲಸ ಮಾತ್ರ ಅದೇ ಹಳೆಯದು: ದಿನಾ ಹೋಗು, ಬಾಗಿಲಲ್ಲಿ ನಿಲ್ಲು, ಎರಡು ಮಾತಾಡು, ಬರೆದುಕೋ.

ಈ ಕೆಲಸದಿಂದ ಒಂದು ಸಂಗತಿ ಕಲಿತೆ. ಮನುಷ್ಯ ಬದಲಾಗುವುದು ಮೊದಲು ಗೊತ್ತಾಗುವುದು ದಿನಾ ನೋಡುವವನಿಗೆ. ಹೂವಿನಂಗಡಿಯವ ನಾಲ್ಕು ದಿವಸ ಕ್ಷೌರ ಮಾಡಿಸಿಲ್ಲ, ಚಿಲ್ಲರೆ ಎಣಿಸುವಾಗ ಎರಡು ಸಲ ತಪ್ಪುತ್ತಾನೆ, ಅಂಗಡಿ ಮುಚ್ಚುವ ಹೊತ್ತು ದಿನದಿನಕ್ಕೆ ಮುಂಚೆ ಬರುತ್ತಿದೆ. ಇದನ್ನು ಮೂರು ತಿಂಗಳಿಗೊಮ್ಮೆ ನೋಡುವ ಯಾವ ತಜ್ಞರಿಗೂ ಕಾಣಲಾಗದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಮೂರು ತಿಂಗಳ ನಡುವಿನ ಬದುಕಿನ ಬಗ್ಗೆ.

ಡಾಕ್ಟರಿಗೆ ಬರವಿಲ್ಲದ ಜಿಲ್ಲೆ

ಬೈಪೋಲಾರ್ ಎಂದರೆ ಮನಸ್ಸಿನ ಏರಿಳಿತ ಎನ್ನುತ್ತಾರೆ. ಏರಿಳಿತ ಯಾರಿಗಿಲ್ಲ? ನಮ್ಮ ಏರು ಬೇರೆ ಜಾತಿಯದು. ಎರಡು ಗಂಟೆ ಮಲಗಿ ಎದ್ದರೂ ಆಯಾಸವಿಲ್ಲ, ಬಾಯಿಗೆ ಬಿಡುವಿಲ್ಲ, ಒಂದು ಯೋಚನೆ ಮುಗಿಯುವ ಮೊದಲೇ ಮೂರು ಹುಟ್ಟುತ್ತವೆ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಅಂಥದೊಂದು ಏರಿನಲ್ಲಿ ನಾನು ಕಾಪುವಿನ ದೀಪಸ್ತಂಭದ ಹತ್ತಿರ ರೆಸಾರ್ಟ್ ಕಟ್ಟಿಸುವವನಿದ್ದೆ. ಇಳಿದಾಗ ಹಲ್ಲುಜ್ಜಲು ಏಳುವುದಕ್ಕೇ ಮಧ್ಯಾಹ್ನವಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಈ ಕಾಯಿಲೆ ಜಗತ್ತಿನ ಸುಮಾರು ನಾಲ್ಕು ಕೋಟಿ ಜನರಿಗಿತ್ತು. ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಸಂಚು ಕಾಣಿಸುವ ಸ್ಕಿಜೋಫ್ರೇನಿಯಾ ಹೆಚ್ಚುಕಡಿಮೆ ಮುನ್ನೂರರಲ್ಲಿ ಒಬ್ಬರಿಗೆ ಇದೆ. ಕಾಪುವಿನಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ಹೋಗುವಾಗ ದಾಟುವ ಪ್ರತಿ ಊರಲ್ಲೂ ಅಂಥವರು ಇದ್ದೇ ಇರಬೇಕು.

ನಮ್ಮ ಮನೆಯವರು ಮೊದಲು ಮಾಡಿದ್ದು ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದು. ಯಾರೋ ಕೈವಿಷ ಹಾಕಿದ್ದಾರೆ ಎಂದು ಕಂಡುಬಂತು. ಅದನ್ನು ತೆಗೆಸಿದ್ದಾಯಿತು. ದೈವದ ದರ್ಶನದಲ್ಲಿ ಕೇಳಿದ್ದಾಯಿತು. ಆಮೇಲೆ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಇದರಲ್ಲಿ ಮನೆಯವರನ್ನು ಹಳಿಯುವಂಥದ್ದೇನಿಲ್ಲ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್ ಇದೇ ಸೀಮೆಯ ಕೋಟದಲ್ಲಿ, ಎಂದರೆ ಶಿವರಾಮ ಕಾರಂತರು ಹುಟ್ಟಿದ ಊರಿನಲ್ಲಿ, ಮನೆಮನೆಯ ಅಧ್ಯಯನ ನಡೆಸಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಪ್ರಕಟಿಸಿದರು. ಬ್ರಾಹ್ಮಣರು, ಬಂಟರು, ಮೊಗೇರರು ಎಂಬ ಮೂರು ಸಮುದಾಯಗಳ ಮನಸ್ಸಿನ ಕಷ್ಟಗಳನ್ನು ಅವರು ಕೇಳಿ ಬರೆದುಕೊಂಡರು. ಕಷ್ಟ ಬಂದಾಗ ಜನ ವೈದ್ಯರು, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ, ಇಂಗ್ಲಿಷ್ ಮದ್ದಿನ ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು, ಅದರಲ್ಲಿ ಅವರಿಗೆ ವಿರೋಧವೇನೂ ಕಾಣುತ್ತಿರಲಿಲ್ಲ. ಐವತ್ತು ವರ್ಷದ ಮೇಲೂ ನಮ್ಮ ದಾರಿ ಹೆಚ್ಚುಕಡಿಮೆ ಅದೇ.

ಸೌಲಭ್ಯವಾದರೋ ಬಹಳ ಬೆಳೆದಿದೆ. ನಿಮ್ಹಾನ್ಸ್‌ನವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಊರಿನ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಟ್ಟು ತೋರಿಸಿದ್ದೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಶುರುವಾಯಿತು. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಉಂಟು. ದೊಡ್ಡಣಗುಡ್ಡೆಯಲ್ಲಿ ಮನೋರೋಗಕ್ಕೂ ವ್ಯಸನಕ್ಕೂ ಚಿಕಿತ್ಸೆ ಕೊಡುವ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಉಂಟು. ಅಲ್ಲಿನ ಡಾ. ಪಿ.ವಿ. ಭಂಡಾರಿಯವರ ಹೆಸರು ಕೇಳದ ಮನೆ ಈ ಕಡೆ ಕಡಿಮೆ. ಮಣಿಪಾಲದಲ್ಲಿ ದೊಡ್ಡ ಮನೋವೈದ್ಯ ವಿಭಾಗವಿದೆ, ಅದರ ‘ಹೊಂಬೆಳಕು’ ಎಂಬ ಪುನರ್ವಸತಿ ಕೇಂದ್ರವಿದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆಯಾ ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಆ ಲೆಕ್ಕಕ್ಕೆ ನಮ್ಮ ಜಿಲ್ಲೆಯವರು ಅದೃಷ್ಟವಂತರು.

ಆದರೂ ಕಾಪುವಿನವರು ಮಂಗಳೂರಿಗೆ ಹೋಗುತ್ತಾರೆ, ಕಾರ್ಕಳದವರು ಮಣಿಪಾಲಕ್ಕೆ. ಒಳ್ಳೆಯ ಡಾಕ್ಟರು ಅಲ್ಲಿದ್ದಾರೆಂದು ಮಾತ್ರವಲ್ಲ, ಅಲ್ಲಿ ಗುರುತಿನವರು ಸಿಗಲಿಕ್ಕಿಲ್ಲ ಎಂದು. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಹೇಳಲು ಒಂದು ಹೊಟ್ಟೆನೋವೋ ಕಣ್ಣಿನ ಪರೀಕ್ಷೆಯೋ ಸಿದ್ಧವಾಗಿರುತ್ತದೆ. ಮದ್ದು ಸಿಗುತ್ತದೆ, ಮದ್ದಿನ ಬಗ್ಗೆ ಮಾತಾಡಲು ಜನ ಸಿಗುವುದಿಲ್ಲ.

ಆದಿತ್ಯವಾರದ ಕೋಣೆ

ತಿಂಗಳಿಗೊಂದು ಆದಿತ್ಯವಾರ ಉಡುಪಿಯಲ್ಲಿ, ಪರಿಚಯದವರೊಬ್ಬರು ಬಿಟ್ಟುಕೊಟ್ಟ ಕೋಣೆಯಲ್ಲಿ ನಾವು ಕೆಲವರು ಸೇರುತ್ತೇವೆ. ಬೋರ್ಡ್ ಇಲ್ಲ, ರಶೀದಿ ಪುಸ್ತಕ ಇಲ್ಲ, ಅಧ್ಯಕ್ಷರಿಲ್ಲ. ಕಾರ್ಕಳದ ಕಡೆಯಿಂದ ಬೀಡಿ ಕಟ್ಟುವ ಅಮ್ಮ, ಮಗಳು ಬರುತ್ತಾರೆ. ಮಗಳಿಗೆ ಸ್ಕಿಜೋಫ್ರೇನಿಯಾ. ಮಲ್ಪೆಯ ಬೋಟಿನಲ್ಲಿ ದುಡಿಯುವ ಹುಡುಗನೊಬ್ಬ ಬರುತ್ತಾನೆ. ಬೊಂಬಾಯಿಯ ಹೊಟೇಲಿನಲ್ಲಿ ದುಡಿದು ಖಿನ್ನತೆಯೊಂದಿಗೆ ಊರಿಗೆ ಮರಳಿದ ಅಡುಗೆಯವರಿದ್ದಾರೆ. ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಎಂದು ಗಂಟೆಗಟ್ಟಲೆ ನೋಡುವ ಗೀಳಿನಿಂದ ಹೊರಬರುತ್ತಿರುವ ಮಣಿಪಾಲದ ವಿದ್ಯಾರ್ಥಿ ಇದ್ದಾನೆ. ಮಾತು ಹೆಚ್ಚು ತುಳುವಿನಲ್ಲಿ, ನಡುನಡುವೆ ಕೊಂಕಣಿ, ಬ್ಯಾರಿ. ಓದುವುದು ಕನ್ನಡದಲ್ಲಿ.

ಕನ್ನಡದಲ್ಲಿ ಓದಲಿಕ್ಕೆ ಬರವಿಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಎಷ್ಟೋ ಸರಳ ಪುಸ್ತಕಗಳನ್ನು ಬರೆದಿದ್ದಾರೆ. ಒಬ್ಬರು ಎರಡು ಪುಟ ಗಟ್ಟಿಯಾಗಿ ಓದುತ್ತಾರೆ, ಉಳಿದವರು ತಮ್ಮ ಬದುಕಿನಿಂದ ಅದಕ್ಕೆ ಉದಾಹರಣೆ ಕೊಡುತ್ತಾರೆ, ಅಥವಾ ‘ನನಗೆ ಹಾಗಾಗಲಿಲ್ಲ’ ಎಂದು ತಕರಾರು ತೆಗೆಯುತ್ತಾರೆ. ಪಾಠ ಎಂದರೆ ಇಷ್ಟೇ.

ಕಟ್ಟಳೆಗಳು ಕೆಲವೇ. ಇಲ್ಲಿ ಕೇಳಿದ್ದು ಇಲ್ಲಿಯೇ. ಇನ್ನೊಬ್ಬರ ಮಾತ್ರೆ ಹೆಚ್ಚು ಕಡಿಮೆ ಮಾಡಲು ಯಾರೂ ಹೇಳಕೂಡದು. ಸಾಲ ಕೇಳಕೂಡದು, ಕೊಡಕೂಡದು. ಇದು ನಾನು ಸೇರಿಸಿದ್ದು, ಸಹಕಾರಿ ಸಂಘದವನ ಬುದ್ಧಿ. ಯಾರಾದರೂ ಸಾಯುವ ಮಾತಾಡಿದರೆ ಮಾತ್ರ ಮೊದಲನೆಯ ಕಟ್ಟಳೆ ಅಲ್ಲಿಗೆ ಮುಗಿಯಿತು. ಮನೆಯವರಿಗೂ ಡಾಕ್ಟರಿಗೂ ಆ ಕೂಡಲೇ ತಿಳಿಸುತ್ತೇವೆ. ಇದನ್ನು ಸೇರುವ ದಿನವೇ ಎಲ್ಲರಿಗೂ ಹೇಳಿರುತ್ತೇವೆ.

ಒಂದು ಆದಿತ್ಯವಾರ ಬೋಟಿನ ಹುಡುಗ ಹೇಳಿದ: “ಮಾತ್ರೆ ನುಂಗಿದರೆ ಬೋಟಿನಲ್ಲಿ ಕಣ್ಣು ಬಿಡ್ಲಿಕ್ಕಾಗುವುದಿಲ್ಲ. ನುಂಗದಿದ್ದರೆ ನಾಲ್ಕು ದಿವಸದಲ್ಲಿ ಯಾರೋ ಬಲೆ ಕತ್ತರಿಸ್ಲಿಕ್ಕೆ ಬಂದಿದ್ದಾರೆ ಅಂತ ಕಾಣ್ತದೆ.”

ಕಾರ್ಕಳದ ಅಮ್ಮ ಕೇಳಿದರು: “ಇದನ್ನು ಡಾಕ್ಟ್ರಿಗೆ ಹೇಳಿದ್ದೀಯಾ ಮಗಾ?”

“ಇಲ್ಲಕ್ಕ. ಬೈದರೆ?”

“ಹೇಳದೆ ಮಾತ್ರೆ ಬಿಟ್ಟದ್ದಕ್ಕೆ ಬೈದಾರು. ಹೇಳಿದ್ದಕ್ಕೆ ಯಾಕೆ ಬೈತಾರೆ?”

ಅವನು ಹೇಳಿದ. ಡಾಕ್ಟರು ಬೈಯಲಿಲ್ಲ. ಅವನು ಎಷ್ಟು ಹೊತ್ತಿಗೆ ಕಡಲಿಗೆ ಹೋಗುತ್ತಾನೆ, ಯಾವಾಗ ಮಲಗುತ್ತಾನೆ ಎಂದು ಕೇಳಿ ಮಾತ್ರೆಯ ಹೊತ್ತನ್ನೇ ಬದಲಿಸಿದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವಾಗ ಅವನ ದಿನಚರಿ ತಲೆಕೆಳಗಾಗುತ್ತದೆ, ಕುಡಿಯುವ ಗೆಳೆಯರು ಮನೆ ಬಾಗಿಲಿಗೆ ಬರುತ್ತಾರೆ. ಆ ಎರಡು ತಿಂಗಳು ಅವನಿಗೆ ಫೋನ್ ಮಾಡುವ ಪಾಳಿಯನ್ನು ನಾವು ಹಂಚಿಕೊಂಡಿದ್ದೇವೆ.

ಲಿಥಿಯಂ, ಯಕ್ಷಗಾನ ಮತ್ತು ಮಂಡಿನೋವಿನ ಮಾತ್ರೆ

ನಾನು ನುಂಗುವುದು ಲಿಥಿಯಂ. ಅದೊಂದು ಲವಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಅದು ಹಿಡಿಯುತ್ತದೆಂದು ಕಂಡುಕೊಂಡರು. ಒಳ್ಳೆಯ ಮದ್ದು, ಆದರೆ ಹದ ತಪ್ಪಿದರೆ ವಿಷ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 0.6ರಿಂದ 1ರ ಆಸುಪಾಸಿನಲ್ಲಿರಬೇಕು. ಒಂದೂವರೆ ದಾಟಿತೋ, ಕೈ ಜೋರಾಗಿ ನಡುಗುತ್ತದೆ, ವಾಂತಿಯಾಗುತ್ತದೆ, ನಡಿಗೆ ತಪ್ಪುತ್ತದೆ. ಹಾಗಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಕೂಡ ನೋಡಿಸಬೇಕು.

ಇಷ್ಟನ್ನು ಡಾಕ್ಟರು ಹೇಳಿದ್ದರು. ಇದು ನನ್ನ ದಿನಚರಿಯಲ್ಲಿ ಎಲ್ಲೆಲ್ಲಿ ಕಾಲು ತೊಡರುತ್ತದೆ ಎಂದು ಹೇಳಿದವರು ನನಗಿಂತ ಮೊದಲು ಲಿಥಿಯಂ ನುಂಗಿದ ಹಿರಿಯರೊಬ್ಬರು. ಏಪ್ರಿಲ್–ಮೇ ಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯುವವ ಬೆವರಿ ನೀರು ಕಳೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಚೀಲದಲ್ಲಿ ನೀರಿನ ಬಾಟಲಿ ಇರಲೇಬೇಕು. ನಾಟಿಮದ್ದಿನವರು ಉಪ್ಪು ಬಿಟ್ಟು ಪಥ್ಯ ಮಾಡಿ ಎಂದರೆ ಮೊದಲು ಮನೋವೈದ್ಯರನ್ನು ಕೇಳಬೇಕು, ಉಪ್ಪು ಇಳಿದರೂ ಲಿಥಿಯಂ ಏರುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಿನ್ನುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ಮಂಡಿನೋವಿಲ್ಲದ ಪಿಗ್ಮಿಯವ ಎಲ್ಲಿದ್ದಾನೆ? ಬಹುಶಃ ಇದನ್ನೂ ಡಾಕ್ಟರು ಹೇಳಿರಬಹುದು. ಆದರೆ ಅರ್ಧ ಏರಿನಲ್ಲಿ, ಅರ್ಧ ಭಯದಲ್ಲಿ ಕುಳಿತವನ ತಲೆಗೆ ಅದು ಇಳಿದಿರಲಿಲ್ಲ. ಚಾ ಕುಡಿಯುತ್ತ ಇನ್ನೊಬ್ಬ ರೋಗಿ ಹೇಳಿದ್ದು ಇಳಿಯಿತು.

ಇನ್ನೊಂದು ನಿದ್ದೆ. ಬೈಪೋಲಾರ್ ಇರುವವರಿಗೆ ಒಂದು ರಾತ್ರಿಯ ನಿದ್ದೆಗೇಡೂ ಏರಿಗೆ ದಾರಿಯಾಗಬಹುದು. ಆದರೆ ನಮ್ಮ ಸೀಮೆಯ ಸಂತೋಷಗಳೆಲ್ಲ ರಾತ್ರಿಯವು: ಕೋಲ, ನೇಮ, ಮದುವೆಯ ಮೆಹಂದಿ, ಯಕ್ಷಗಾನ ಬಯಲಾಟ. ಚೌಕಿ ಪೂಜೆಯಿಂದ ಮಂಗಳದವರೆಗೆ ಆಟ ನೋಡಿ ಬೆಳೆದವನಿಗೆ ‘ಹತ್ತು ಗಂಟೆಗೆ ಮಲಗು’ ಎಂಬುದು ಸಣ್ಣ ಮಾತಲ್ಲ. ಈಗ ಹಲವು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ. ಕಲೆಗೆ ಅದರಿಂದ ನಷ್ಟವೇ ಎಂಬ ಚರ್ಚೆ ವಿದ್ವಾಂಸರದು, ನನಗಂತೂ ಲಾಭ. ಆಟದ ಅರ್ಧದಲ್ಲಿ ಎದ್ದು ಬರುವಾಗ ಯಾರಾದರೂ ಕೇಳಿದರೆ ‘ಮದ್ದಿನ ಹೊತ್ತಾಯಿತು’ ಎನ್ನುತ್ತೇನೆ. ಶುಗರ್ ಇದ್ದವರು ಹೇಳುವುದಿಲ್ಲವೇ ಹಾಗೆ?

ಬರೀ ಕೂತರೆ ಸಾಲದು

ಕಷ್ಟ ಹಂಚಿಕೊಂಡರೆ ಹಗುರಾಗುತ್ತದೆ, ಅಷ್ಟೇ ಸಾಕು ಎಂದು ನಾನೂ ಎಣಿಸಿದ್ದೆ. ಬಾರ್ಸಿಲೋನಾದ ಸಂಶೋಧಕರಾದ ಫ್ರಾನ್ಸೆಸ್ಕ್ ಕೊಲೋಮ್, ಎಡ್ವರ್ಡ್ ವಿಯೆಟ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನ ಎಣಿಕೆ ಬದಲಿಸಿತು. ಬೈಪೋಲಾರ್ ಇದ್ದು, ಮದ್ದಿನ ಮೇಲೆ ಸಮಸ್ಥಿತಿಯಲ್ಲಿದ್ದ 120 ಮಂದಿಯನ್ನು ಅವರು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ 21 ಬೈಠಕ್‌ಗಳಲ್ಲಿ ಕಾಯಿಲೆಯ ಪಾಠ: ಮುನ್ಸೂಚನೆಗಳೇನು, ಮದ್ದು ಯಾಕೆ, ನಿದ್ದೆ ಯಾಕೆ, ಮರುಕಳಿಸಿದರೆ ಏನು ಮಾಡಬೇಕು. ಇನ್ನೊಂದು ಪಾಲಿನವರೂ 21 ಸಲ ಗುಂಪಿನಲ್ಲಿ ಕುಳಿತರು, ಆದರೆ ಪಾಠವಿಲ್ಲ. ಎರಡು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು ಕಲಿತವರಲ್ಲಿ ಸ್ಪಷ್ಟವಾಗಿ ಕಡಿಮೆ. ಐದು ವರ್ಷದ ಮೇಲೆ ನೋಡಿದಾಗಲೂ ಆ ಪ್ರಯೋಜನ ಉಳಿದಿತ್ತು.

ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಮುನ್ಸೂಚನೆಗಳನ್ನು ಬರೆದು ಇಟ್ಟುಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಮೊದಲನೆಯದು ನಿದ್ದೆ ಕಡಿಮೆಯಾಗುವುದು, ಎರಡನೆಯದು ಪಿಗ್ಮಿ ಕೊಡುವವರೊಂದಿಗೆ ಒಂದೊಂದು ಅಂಗಡಿಯಲ್ಲೂ ಅರ್ಧ ಗಂಟೆ ಮಾತಾಡುವುದು, ಮೂರನೆಯದು ಹೊಸ ವ್ಯಾಪಾರದ ಯೋಚನೆ. ಪಟ್ಟಿಯ ಒಂದು ಪ್ರತಿ ಹೆಂಡತಿಯ ಬಳಿ, ಇನ್ನೊಂದು ಗುಂಪಿನ ಒಬ್ಬರ ಬಳಿ ಉಂಟು. ಮೂರರಲ್ಲಿ ಎರಡು ಕಂಡರೆ ಡಾಕ್ಟರ ಬಳಿಗೆ ಹೋಗುವುದು, ಆಗ ನನ್ನ ಅಭಿಪ್ರಾಯ ಕೇಳುವುದಿಲ್ಲ. ಹಾಗೆಂದು ನಾನೇ, ಹುಷಾರಿರುವಾಗ, ಸಹಿ ಹಾಕಿ ಕೊಟ್ಟಿದ್ದೇನೆ.

ಮನೆಯವರಿಗೂ ಪಾಠ ಬೇಕು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಲ್ಲಿ ಒಂದು ವಿಚಿತ್ರ ಕಂಡರು. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗಿ ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಹೋದವರು, ಒಡಹುಟ್ಟಿದವರ ಮನೆಗೋ ಬಾಡಿಗೆ ಕೋಣೆಗೋ ಹೋದವರಿಗಿಂತ ಹೆಚ್ಚು ಸಲ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಮುಂದಿನ ಅಧ್ಯಯನಗಳು ಕಾರಣ ಹುಡುಕಿದವು: ಮನೆಯವರ ಸತತ ಟೀಕೆ, ಹಗೆತನ, ಮತ್ತು ಅತಿಯಾದ ಕಾಳಜಿ. ಚಂಡೀಗಢದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಭಾರತದ ಮನೆಗಳಲ್ಲಿ ಇವು ಲಂಡನ್ನಿಗಿಂತ ಕಡಿಮೆ ಕಂಡವು. ನಮ್ಮ ಮನೆಗಳಿಗೆ ಅದು ಹೊಗಳಿಕೆ. ಆದರೆ ಮೂರನೆಯದನ್ನು, ಅತಿಯಾದ ಕಾಳಜಿಯನ್ನು, ನಾನು ಈ ಕಡೆ ಸಾಕಷ್ಟು ಕಂಡಿದ್ದೇನೆ.

ಕಾರ್ಕಳದ ಅಮ್ಮನ ವಿಷಯವೇ ಹೇಳುತ್ತೇನೆ, ಅವರ ಒಪ್ಪಿಗೆ ಉಂಟು. ಮಗಳಿಗೆ ಕಾಯಿಲೆ ಬಂದ ಮೇಲೆ ಅವಳ ಜಡೆ ಹಾಕುವುದು, ತಟ್ಟೆಗೆ ಬಡಿಸುವುದು, ಯಾರಾದರೂ ಕೇಳಿದ್ದಕ್ಕೆ ಉತ್ತರ ಕೊಡುವುದು ಎಲ್ಲ ಅಮ್ಮನೇ. ಗುಂಪಿನಲ್ಲೂ ಮಗಳ ಹೆಸರು ಕೇಳಿದರೆ ಅಮ್ಮ ಹೇಳುತ್ತಿದ್ದರು. ಅಡುಗೆಯವರು ಒಮ್ಮೆ, “ಅಕ್ಕ, ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ” ಎಂದರು. ಮಗಳು ಅಂದು ಮಾತಾಡಿದಳು: ಧ್ವನಿ ಇನ್ನೂ ಕೇಳುತ್ತದೆ, ಮದ್ದು ತೆಗೆದುಕೊಂಡರೆ ದೂರದಿಂದ ಕೇಳುತ್ತದೆ, ಎಲೆ ಕತ್ತರಿಸಿ ಬೀಡಿ ಸುತ್ತುವಾಗ ಕೇಳುವುದೇ ಇಲ್ಲ. ಈಗ ಬೀಡಿ ಬ್ರಾಂಚಿಗೆ ಹೋಗಿ ಎಲೆ, ಹೊಗೆಸೊಪ್ಪು ತರುವವಳು ಅವಳೇ. ಲೆಕ್ಕದಲ್ಲಿ ಒಂದು ಕಟ್ಟು ಕಡಿಮೆ ಬಂದರೆ ಜಗಳವಾಡುವವಳೂ ಅವಳೇ.

ಕುಡಿದವರಿಗೆ ಊರಿದೆ

ಇಂಥ ಗುಂಪು ಕರಾವಳಿಗೆ ಹೊಸದಲ್ಲ. ಕುಡಿತದ ವಿಷಯದಲ್ಲಿ ಇದನ್ನು ನಾವು ದಶಕಗಳಿಂದ ಮಾಡುತ್ತಿದ್ದೇವೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಸಾವಿರವನ್ನು ಎಂದೋ ದಾಟಿವೆ. ದೇವಸ್ಥಾನದ ಸಭಾಭವನದಲ್ಲೋ ಸಮುದಾಯ ಭವನದಲ್ಲೋ ಕುಡುಕರು ಒಂದು ವಾರ ಒಟ್ಟಿಗೆ ಉಳಿಯುತ್ತಾರೆ. ಊರಿನವರೇ ಸಮಿತಿ ಮಾಡಿ ಊಟ ಹಾಕುತ್ತಾರೆ. ವೈದ್ಯರ ನೆರವೂ ಇರುತ್ತದೆ, ಏಕೆಂದರೆ ಬಹಳ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಸನ್ನಿ ಹಿಡಿದು ಜೀವಕ್ಕೇ ಅಪಾಯವಾಗಬಹುದು. ಶಿಬಿರ ಮುಗಿಯುವ ದಿನ ಹೆಂಡತಿ ಮಕ್ಕಳು ಬರುತ್ತಾರೆ, ಗಣ್ಯರು ಬರುತ್ತಾರೆ. ಎಲ್ಲಕ್ಕಿಂತ ದೊಡ್ಡದು ಆಮೇಲಿನ ಏರ್ಪಾಡು: ಊರೂರಿನಲ್ಲಿ ನವಜೀವನ ಸಮಿತಿ. ಕುಡಿತ ಬಿಟ್ಟವರು ವಾರವಾರ ಸೇರುತ್ತಾರೆ, ಒಬ್ಬ ತಪ್ಪಿದರೆ ಇನ್ನೊಬ್ಬ ಅವನ ಮನೆಗೆ ಹೋಗುತ್ತಾನೆ. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಶುರುಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳೂ ನಮ್ಮ ಕರಾವಳಿಯಲ್ಲಿ ನಡೆಯುತ್ತವೆ.

ಹಾಗಾದರೆ ಕುಡಿತ ಬಿಟ್ಟವನಿಗೆ ಹಾರ ಹಾಕಿ ಬರಮಾಡಿಕೊಳ್ಳುವ ಊರು ನಮ್ಮನ್ನು ಕಂಡರೆ ಯಾಕೆ ದಾರಿ ಬದಲಿಸುತ್ತದೆ? ಪಿಗ್ಮಿ ಚೀಲ ಹೊತ್ತು ತಿರುಗುವಾಗ ಇದನ್ನು ತುಂಬ ಯೋಚಿಸಿದ್ದೇನೆ.

ಮೊದಲನೆಯದು ಭಯ. ‘ಮರ್ಲ್ (ಹುಚ್ಚು) ಹಿಡಿದವ ಯಾವಾಗ ಏನು ಮಾಡುತ್ತಾನೋ’ ಎಂಬುದು. ಆದರೆ ತೀವ್ರ ಮನೋರೋಗ ಇರುವವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಆಶ್ರಯಕ್ಕೆ ಬೆಂಕಿ ಬಿದ್ದಾಗ 28 ಮಂದಿ ಓಡಲಾರದೆ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಎರಡನೆಯದು ಮದುವೆ. ಅಣ್ಣನ ಕಾಯಿಲೆ ಹೊರಗೆ ಗೊತ್ತಾದರೆ ತಂಗಿಯ ಸಂಬಂಧ ಕುದುರುವುದಿಲ್ಲ. ಹಾಗಾಗಿ ಕಾಯಿಲೆಯನ್ನು ಬಚ್ಚಿಡುವವರು ಕೆಟ್ಟವರಲ್ಲ, ಇನ್ನೊಂದು ಮಗುವನ್ನು ಕಾಯುತ್ತಿರುವವರು.

ಮೂರನೆಯ ಕಾರಣ ನನಗೆ ಮುಖ್ಯವಾಗಿ ಕಾಣುತ್ತದೆ. ಕುಡಿಯುವವನಿಗೆ ಬಿಡುವುದಕ್ಕೆ ಒಂದು ವಸ್ತು ಇದೆ, ಬಿಟ್ಟ ದಿನ ಎಂಬುದೊಂದಿದೆ. ಆ ದಿನ ವೇದಿಕೆ ಕಟ್ಟಬಹುದು, ಪ್ರತಿಜ್ಞೆ ಮಾಡಿಸಬಹುದು. ನಮಗೆ ಬಿಡುವುದಕ್ಕೆ ಏನೂ ಇಲ್ಲ. ಮಾತ್ರೆ ಬಿಡಬಾರದು, ನಿದ್ದೆ ಬಿಡಬಾರದು, ಕೆಲಸ ಬಿಡಬಾರದು, ಜನರನ್ನು ಬಿಡಬಾರದು. ಬಿಡದೇ ಇರುವುದೇ ನಮ್ಮ ವ್ರತ. ಅದಕ್ಕೆ ಉದ್ಯಾಪನೆಯ ದಿನವಿಲ್ಲ, ಆದ್ದರಿಂದ ಸನ್ಮಾನ ಸಮಾರಂಭವೂ ಇಲ್ಲ. ಅಂಥ ವ್ರತವನ್ನು ಒಬ್ಬನೇ ನಡೆಸುವುದು ಕಷ್ಟ. ಶಿಬಿರದ ಅಬ್ಬರ ನಮಗೆ ಬೇಡ, ನವಜೀವನ ಸಮಿತಿಯಂಥ ವಾರದ ಬೈಠಕ್ ಬೇಕು.

ಬೇರೆ ಕಡೆ ಏನು ಮಾಡಿದ್ದಾರೆ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಝಾಂ ಬಾತಿಸ್ತ್ ಪ್ಯುಸ್ಸಾಂ ಎಂಬ ಮೇಲ್ವಿಚಾರಕ ಗುಣವಾದ ರೋಗಿಗಳನ್ನೇ ಪರಿಚಾರಕರನ್ನಾಗಿ ಇಟ್ಟುಕೊಳ್ಳುತ್ತಿದ್ದ. ಅವನೂ ಒಮ್ಮೆ ಅಲ್ಲಿಯ ರೋಗಿಯಾಗಿದ್ದವ. ರೋಗಿಗಳ ಸರಪಳಿ ಕಳಚಿದ ಕೀರ್ತಿ ಆ ಆಸ್ಪತ್ರೆಯ ಡಾಕ್ಟರ್ ಪಿನೆಲ್‌ಗೆ ಬಂತು, ಆದರೆ ಅಲ್ಲಿ ಸರಪಳಿ ಕಳಚಿದ್ದು ಪ್ಯುಸ್ಸಾಂ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು, ಅವರಿಗೆ ಕಾಯಿಲೆ ಎಂದರೇನೆಂದು ಕಲಿಸಿ ಕಳಿಸಿದರು. ಬೆಂಗಳೂರಿನಲ್ಲಿ ನಿರ್ಮಲಾ ಶ್ರೀನಿವಾಸನ್ ಅವರು ‘ಅಮೆಂಡ್’ ಎಂಬ ಹೆಸರಿನಲ್ಲಿ ರೋಗಿಗಳ ಮನೆಯವರನ್ನೇ ಸಂಘಟಿಸಿದರು.

ನಮ್ಮ ಕುಂದಾಪುರ ಕಡೆಯ ಪಡುಕೋಣೆಯ ಹೆಸರು ಹೊತ್ತ ನಟಿ ದೀಪಿಕಾ 2015ರಲ್ಲಿ ತನ್ನ ಖಿನ್ನತೆಯ ಬಗ್ಗೆ ಎಲ್ಲರೆದುರು ಮಾತಾಡಿದರು. ಅವರ ಪ್ರತಿಷ್ಠಾನ ಮರುವರ್ಷವೇ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಶುರುಮಾಡಿತು. ಸಿನಿಮಾ ತಾರೆ ಮಾತಾಡಿದರೆ ಊರೆಲ್ಲ ಕೇಳುತ್ತದೆ. ಆದರೆ ‘ನನಗೂ ಉಂಟು, ನಾನೂ ಅದೇ ಮಾತ್ರೆ ನುಂಗುವುದು’ ಎಂದು ಪಕ್ಕದ ಅಂಗಡಿಯವ ಹೇಳಿದರೆ ಮಾತ್ರ ಮನುಷ್ಯ ಮರುದಿನ ಆಸ್ಪತ್ರೆಗೆ ಹೊರಡುತ್ತಾನೆ.

2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಭಾರತದ್ದೇ ಒಂದು ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇರುವ 282 ಮಂದಿ ಪಾಲ್ಗೊಂಡಿದ್ದರು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆಗೇ ಹೋಗಿ ನೆರವಾದವರ ಸ್ಥಿತಿ, ಬರೀ ಆಸ್ಪತ್ರೆಗೆ ಹೋಗಿಬರುತ್ತಿದ್ದವರಿಗಿಂತ ತುಸು ಉತ್ತಮವಾಗಿತ್ತು. ತುಸು ಮಾತ್ರ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಗುಜರಾತಿನ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಕಾಯಿಲೆಯಿಂದ ಚೇತರಿಸಿಕೊಂಡವರನ್ನೇ ಹೊಸಬರ ಜೊತೆಗಾರರಾಗಿ ಕೂರಿಸಿ ನೋಡಿದ್ದಾರೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1999ರಿಂದಲೇ ಇಂಥವರ ಕೆಲಸಕ್ಕೆ ಸರಕಾರಿ ವಿಮೆಯಿಂದ ಸಂಬಳ ಸಿಗುತ್ತದೆ.

ನಾವು ಮಾಡಲಾಗದ್ದು, ಮಾಡಬಹುದಾದದ್ದು

ನಾವು ಡಾಕ್ಟರಲ್ಲ. ನಮ್ಮ ಗುಂಪಿಗೂ ಒಮ್ಮೆ, ಎಲ್ಲ ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎನ್ನುವವರು ಬಂದಿದ್ದರು. ಚಾ ಕೊಟ್ಟು ಕಳಿಸಿದೆವು. ಒಬ್ಬರು ಕುಸಿದರೆ ಉಳಿದವರೂ ಕಂಗೆಡುವ ಅಪಾಯ ಯಾವಾಗಲೂ ಇದೆ. ನಡುರಾತ್ರಿ ಯಾರಾದರೂ ಸಾಯುತ್ತೇನೆಂದು ಫೋನ್ ಮಾಡಿದರೆ ನಾವು ಮಾತಾಡುತ್ತಲೇ ಇನ್ನೊಂದು ಫೋನಿನಿಂದ ಮನೆಯವರನ್ನು ಎಬ್ಬಿಸುತ್ತೇವೆ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುತ್ತೇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸಹಾಯವಾಣಿ ಉಚಿತ, ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಓದುಗರೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಕಾಗದಪತ್ರದ ಕೆಲಸ ಮಾತ್ರ ನಮಗೆ ಚೆನ್ನಾಗಿ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಮನೋರೋಗವೂ ಒಂದು. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ ಇವುಗಳನ್ನು ಅಳೆದು ವೈದ್ಯರು ಶೇಕಡಾವಾರು ಪ್ರಮಾಣಪತ್ರ ಕೊಡುತ್ತಾರೆ. 40 ದಾಟಿದರೆ ಹಲವು ಸೌಲಭ್ಯಗಳಿಗೆ ಬಾಗಿಲು ತೆರೆಯುತ್ತದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆ ಮನಸ್ಸಿನ ಕಾಯಿಲೆಗೂ ರಕ್ಷಣೆ ಕೊಡಬೇಕು. ಮುಂದೆ ಕಾಯಿಲೆ ಏರಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಮಾತಾಡುವವರು ಯಾರು ಎಂದು ಮೊದಲೇ ಬರೆದಿಡುವ ಹಕ್ಕೂ ನಮಗಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸಬಾರದು ಎನ್ನುತ್ತದೆ ಅದರ 115ನೆಯ ಸೆಕ್ಷನ್. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹೊಸಬರ ಕೈಗೆ ಕೊಟ್ಟರೆ ಅವರು ಕುಳಿತುಕೊಳ್ಳುವ ರೀತಿಯೇ ಬದಲಾಗುತ್ತದೆ.

ಇನ್ನು ನಮ್ಮ ಬೇಡಿಕೆ. ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಮನೋವೈದ್ಯರನ್ನು ಕಾಣಲು ತಾಲೂಕು ಆಸ್ಪತ್ರೆಯಲ್ಲಿ ಜನ ಮುಖ ತಗ್ಗಿಸಿ ಸಾಲಿನಲ್ಲಿ ಕಾಯುತ್ತಾರೆ. ಆ ಕಾಯುವ ಹೊತ್ತೇ ಪಾಠಕ್ಕೆ ಒಳ್ಳೆಯ ಹೊತ್ತು. ಅಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿ. ಚೇತರಿಸಿಕೊಂಡ ಒಬ್ಬರು, ರೋಗಿಯ ಮನೆಯವರೊಬ್ಬರು ಅಲ್ಲಿರಲಿ. ಕೂರುವವರಿಗೆ ವೈದ್ಯರೇ ತರಬೇತಿ ಕೊಡಲಿ, ಹೇಳಬೇಕಾದದ್ದನ್ನೂ ಹೇಳಬಾರದ್ದನ್ನೂ ಕಲಿಸಲಿ. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಕೊಡಿ, ಏಕೆಂದರೆ ಬೀಡಿ ಬಿಟ್ಟು, ಬೋಟು ಬಿಟ್ಟು ಬರುವವರಿಗೆ ಸೇವೆ ಎಂಬ ಮಾತಿನಿಂದ ಹೊಟ್ಟೆ ತುಂಬದು. ಕಾರ್ಕಳದಲ್ಲಿ ಒಂದು ವರ್ಷ ಮಾಡಿ ನೋಡಿ, ಲೆಕ್ಕ ಇಡಿ: ಎಷ್ಟು ಮಂದಿ ಎರಡನೆಯ ಸಲ ಬಂದರು, ಎಷ್ಟು ಮಂದಿ ಮಾತ್ರೆ ಬಿಡಲಿಲ್ಲ. ಪ್ರಯೋಜನ ಕಾಣದಿದ್ದರೆ ಮೇಜು ತೆಗೆಸಿ. ಕೂರುವವರ ಹೆಸರುಗಳನ್ನು ನಾವು ಈಗಲೇ ಬರೆದಿಟ್ಟಿದ್ದೇವೆ. ಮೊದಲ ಹೆಸರು ಬೀಡಿ ಕಟ್ಟುವ ಆ ಹುಡುಗಿಯದು, ಅಮ್ಮನದಲ್ಲ.